ಮಾತು ಬಿಟ್ಟವರ ಮೊಮ್ಮಗಳು

ಹದಿನೇಳು ತುಂಬುವವರೆಗೂ ನಾನು ಅಪ್ಪನ ತಾಯಿ ಸತ್ತುಹೋಗಿದ್ದಾಳೆಂದೇ ನಂಬಿದ್ದೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿರೇಹಡಗಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋ ಇತ್ತು, ಪಕ್ಕದಲ್ಲಿ ಅಜ್ಜಿಯದು ಇರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಕ್ಕೆ ಅವ್ವ, "ಅಕಿ ಇಲ್ಲವ್ವ" ಅಂದು ಒಲೆಯ ಕಡೆ ತಿರುಗಿದ್ದಳು. ಮನೆಯಲ್ಲಿಲ್ಲದವರಿಗೂ 'ಇಲ್ಲ' ಅನ್ನುತ್ತಾರೆ, ಸತ್ತವರಿಗೂ 'ಇಲ್ಲ' ಅನ್ನುತ್ತಾರೆ. ನಾನು ಎರಡನೆಯದನ್ನು ಹಿಡಿದುಕೊಂಡೆ.

ನಮ್ಮದು ಗೊಬ್ಬರ ಮತ್ತು ಬೀಜದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಗಿರಾಕಿಗಳ ಜೊತೆ ಬೇಕಾದಷ್ಟು ಮಾತಾಡುತ್ತಿದ್ದ. ಹಿಂದಿನ ಬಾಗಿಲು ದಾಟಿ ಒಳಗೆ ಬಂದನೆಂದರೆ ಮುಗಿಯಿತು. ಅವನಿಗೆ ಸಿಟ್ಟು ಬಂದದ್ದು ಗೊತ್ತಾಗುತ್ತಿದ್ದದ್ದೇ ಮಾತು ನಿಂತಾಗ. ಎರಡು ದಿನ, ನಾಲ್ಕು ದಿನ, ಒಮ್ಮೊಮ್ಮೆ ವಾರ. "ಗಂಡ ಹೆಂಡ್ತಿ ಒಂದಿನ ಜಗಳಾಡಿದ್ದು ಕೇಳಿಲ್ಲ ನೋಡ್ರಿ" ಎಂದು ಓಣಿಯವರು ನಮ್ಮ ಮನೆಯನ್ನು ಹೊಗಳುತ್ತಿದ್ದರು. ಕೇಳಲಿಕ್ಕೆ ಅಲ್ಲಿ ಏನಾದರೂ ಇರಬೇಕಲ್ಲ.

ಅಂಥ ಮನೆಯಲ್ಲಿ ನನ್ನ ಕೈಗಳು ಸುಮ್ಮನೆ ಇರುತ್ತಿರಲಿಲ್ಲ. ಊಟದ ತಾಟು, ಶಾಲೆಯ ಬೆಂಚು, ಬಸ್ಸಿನ ಕಿಟಕಿ, ಓದುತ್ತಿದ್ದ ಪುಸ್ತಕದ ಬೆನ್ನು, ಸಿಕ್ಕಿದ್ದರ ಮೇಲೆ ಬೆರಳು ಆಡುತ್ತಿದ್ದವು. ಕೊನೆಗೆ ಅವ್ವನೇ, ಹೆಂಗೂ ಬಡಿಯುತ್ತಾಳೆ, ಸರಿಯಾಗಿಯಾದರೂ ಬಡಿಯಲಿ ಎಂದು, ಊರಿನ ಭಜನೆಗೆ ತಬಲಾ ನುಡಿಸುತ್ತಿದ್ದ ಮಾಸ್ತರರ ಹತ್ತಿರ ಬಿಟ್ಟಳು. ಆಗ ನನಗೆ ಹತ್ತು ವರ್ಷ. ಹುಡುಗಿ ತಬಲಾ ಕಲಿಯುವುದೇ ಎಂದು ಕೆಲವರು ನಕ್ಕರು. ಅಪ್ಪ ಬೇಡ ಅನ್ನಲಿಲ್ಲ. ಮನೆಯೊಳಗೆ ನುಡಿಸಕೂಡದು ಎಂದಷ್ಟೇ ಹೇಳಿದ. ಹೀಗಾಗಿ ನನ್ನ ಅಭ್ಯಾಸವೆಲ್ಲ ಗೋದಾಮಿನಲ್ಲಿ, ಯೂರಿಯಾ ಚೀಲಗಳ ನಡುವೆ ನಡೆಯಿತು. ಆ ಚೀಲಗಳು ಅರ್ಧ ಸದ್ದನ್ನು ನುಂಗಿಬಿಡುತ್ತಿದ್ದವು. ನಾನು ಇನ್ನೂ ಜೋರಾಗಿ, ಇನ್ನೂ ಬಿರುಸಾಗಿ ನುಡಿಸುತ್ತಿದ್ದೆ.

ಮಾಸ್ತರರಿಗೆ ನನ್ನ ಮೇಲೆ ಇದ್ದ ದೂರು ಅದೊಂದೇ. ನಿಧಾನವಾಗಿ ಶುರುಮಾಡಿದ ಠೇಕಾ, ಅಂದರೆ ತಾಳದ ಮೂಲ ಬಡಿತ, ನನ್ನ ಕೈಯಲ್ಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಓಟಕ್ಕೆ ಬೀಳುತ್ತಿತ್ತು. "ಕೈ ಐತಿ ನಿನಗ. ಕುಂದ್ರಾಕ ಬರಂಗಿಲ್ಲ" ಅನ್ನುತ್ತಿದ್ದರು.

ನಾನು ಪಿಯುಸಿಗೆ ದಿನಾ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋಗತೊಡಗಿದ ವರ್ಷವೇ ಮಾಸ್ತರರು ಕೊಟ್ಟೂರಿಗೆ ಮನೆ ಬದಲಿಸಿದರು. ಭಾನುವಾರ ನಾನು ಅಲ್ಲಿಗೇ ಹೋಗುವುದೆಂದಾಯಿತು. ಬೆಳಿಗ್ಗೆ ಹರಪನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೆ ಇನ್ನೊಂದು. ಆ ಬಸ್ಸುಗಳು ನನಗೆ ಇಷ್ಟ. ಕಂಡಕ್ಟರನ ಸೀಟಿ, ಕಿಟಕಿಯ ಗಡಗಡ, ಹಿಂದಿನ ಸೀಟಿನವರ ಫೋನಿನ ಮಾತು. ಯಾವುದೂ ನಿಲ್ಲುತ್ತಿರಲಿಲ್ಲ.

ಮೂರನೆಯದೋ ನಾಲ್ಕನೆಯದೋ ಭಾನುವಾರ, ಪಾಠ ಮುಗಿದ ಮೇಲೆ ಮಾಸ್ತರರು ಊಟದ ಡಬ್ಬಿ ನನ್ನ ಕೈಗೆ ಕೊಟ್ಟರು. ಅವರ ಹೆಂಡತಿ ತವರಿಗೆ ಹೋಗಿದ್ದರು.

"ಹೋಗಿ ನಿಮ್ಮ ಅಜ್ಜಿ ಖಾನಾವಳ್ಯಾಗ ನನ್ನ ಊಟ ಕಟ್ಟಿಸ್ಕೊಂಡು ಬಾ."

"ಯಾರ ಅಜ್ಜಿ?"

"ನಿಮ್ಮ ಅಜ್ಜಿ. ಬಸ್ ಸ್ಟ್ಯಾಂಡ್ ಹಿಂದ, ತಗಡಿನ ಶೆಡ್ಡು. ಯಾಕ, ನೀ ಹೋಗೇ ಇಲ್ಲೇನು?" ನನ್ನ ಮುಖ ನೋಡಿ ಅವರು ತಡವರಿಸಿದರು. "ನಿನಗ ಗೊತ್ತೈತಿ ಅಂತ ತಿಳ್ಕೊಂಡಿದ್ನೆವ್ವ."

ಹಿರೇಹಡಗಲಿಯ ಅರ್ಧ ಊರಿಗೆ, ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಸುತ್ತಲಿನ ಎಲ್ಲರಿಗೆ ಗೊತ್ತಿದ್ದ ಸಂಗತಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಡಬ್ಬಿ ಹಿಡಿದುಕೊಂಡು ನಡೆದೆ. ಒಮ್ಮೆ ಆ ಶೆಡ್ಡನ್ನು ದಾಟಿ ಹೋಗಿ, ಹಣ್ಣಿನ ಗಾಡಿಯ ಹತ್ತಿರ ಸುಮ್ಮನೆ ನಿಂತು ವಾಪಸು ಬಂದೆ.

ಆರು ಟೇಬಲ್ಲು. ಯಾರೂ ನೋಡದಿದ್ದರೂ ಕಿರುಚುತ್ತಿದ್ದ ಟಿವಿ. ಒಳಗೆ ಇಬ್ಬರು ಹೆಂಗಸರು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದರು. ಒಲೆಯ ಮುಂದೆ, ಎತ್ತರದ, ಒಣಗಿದ ಮೈಯ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಹಣೆ ಅವಳ ಮುಖದಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಹೆಬ್ಬೆರಳನ್ನು. ಅಪ್ಪನದರ, ನನ್ನದರ ಹಾಗೆಯೇ ಹಿಂದಕ್ಕೆ ಬಾಗುವ ಹೆಬ್ಬೆರಳು. ನನ್ನದನ್ನು ನೋಡಿ ತಬಲಾ ಕಲಿಯುವಾಗ ಮಾಸ್ತರರು ಇದೇನು ಬಿಲ್ಲು ಎಂದು ನಕ್ಕಿದ್ದರು.

"ಯಾರ ಡಬ್ಬಿ?" ಅವಳು ತಲೆ ಎತ್ತಲಿಲ್ಲ.

"ತಬಲಾ ಮಾಸ್ತರ್ದು."

"ಯಾವೂರಾಕಿ ನೀನು?"

"ಹರಪನಹಳ್ಳಿ" ಅಂದೆ. ಸುಳ್ಳು ಯಾಕೆ ಬಂತೋ ತಿಳಿಯಲಿಲ್ಲ.

ಮುಂದಿನ ಐದಾರು ಭಾನುವಾರ ಅಲ್ಲೇ ಉಂಡೆ. ಮೂಲೆಯ ಟೇಬಲ್ಲು. ಹೇಳಬೇಕು ಎಂದುಕೊಂಡು ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಬಸ್ ಡ್ರೈವರುಗಳು, ಕಾಲೇಜಿನ ಮೇಷ್ಟ್ರುಗಳು, ಸಂತೆಗೆ ಬಂದವರು ಎಲ್ಲರೂ ಅವಳನ್ನು "ಅಕ್ಕಾರ" ಅನ್ನುತ್ತಿದ್ದರು. ಅವಳು ಎಲ್ಲರನ್ನೂ ಗದರುತ್ತಿದ್ದಳು. ಒಬ್ಬ ಲೆಕ್ಚರರು ಮುಳಗಾಯಿ ಪಲ್ಯ ಬಿಟ್ಟೆದ್ದಾಗ, "ಹುಡುಗ್ರಿಗೆ ಪಾಠ ಹೇಳೋರು ನೀವ ಹಿಂಗ ಬಿಟ್ರ ಹೆಂಗ್ರಿ?" ಎಂದು ಎಲ್ಲರೆದುರಿಗೇ ಕೇಳಿದಳು. ಆ ಮನುಷ್ಯ ಮತ್ತೆ ಕೂತು ತಿಂದ. ನನಗೂ ಒಮ್ಮೆ ಬಿತ್ತು.

"ಏ ಹುಡುಗಿ, ತಾಟು ಬಾರಿಸಬ್ಯಾಡ. ತಾಟು ಬಾರಿಸಿದ್ರ ಮನ್ಯಾಗ ಜಗಳ ಬರ್ತೈತಿ."

ನಮ್ಮ ಮನೆಯಲ್ಲಿ ಜಗಳವೇ ಇಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ನಾನು ಯಾರೆಂಬುದು ಹೊರಬಿದ್ದದ್ದು ತಬಲಾದ ನೆಪದಿಂದ. ಒಂದು ಭಾನುವಾರ ಬಲಗೈ ತಬಲಾದ ಚರ್ಮ ಬದಲಿಸಿಕೊಂಡು, ಅದನ್ನು ಬಟ್ಟೆಯಲ್ಲಿ ಸುತ್ತಿ ಖಾನಾವಳಿಗೆ ತಂದಿದ್ದೆ. ಮಧ್ಯಾಹ್ನದ ಗದ್ದಲ ಮುಗಿದಿತ್ತು. ಗಂಟು ನೋಡಿ ಅವಳು, "ಏನದು, ಬಿಚ್ಚು" ಅಂದಳು. ಬಿಚ್ಚಿದೆ. "ಬಾರ್ಸು ನೋಡೋಣ" ಅಂದಳು. ನಾನು ಕಷ್ಟಪಟ್ಟು ನಿಧಾನವಾಗಿ ಶುರುಮಾಡಿದೆ. ಅವಳು ಟೇಬಲ್ಲು ಒರೆಸುತ್ತಾ ಕೇಳಿದಳು. ಮೂರನೇ ಟೇಬಲ್ಲಿಗೆ ಬರುವಷ್ಟರಲ್ಲಿ ನನ್ನ ಕೈ ಓಟಕ್ಕೆ ಬಿದ್ದಿತ್ತು.

"ಮೊದಲಿಂದು ಚಲೋ ಇತ್ತು" ಅಂದಳು. "ಈಗ ಯಾಕ ಓಡ್ತಿ? ಯಾರು ಬೆನ್ನು ಹತ್ಯಾರ ನಿನ್ನ?"

ಏಳು ವರ್ಷ ಕಲಿತವಳಿಗೆ ರೊಟ್ಟಿ ಬಡಿಯುವ ಹೆಂಗಸು ಹಾಗೆ ಅಂದದ್ದು ಚುರುಕ್ಕೆಂದಿತು. ಸಿಟ್ಟಿನಲ್ಲೇ ಹೇಳಿಬಿಟ್ಟೆ.

"ನಾ ಹರಪನಹಳ್ಳಿಯಾಕಿ ಅಲ್ಲ. ಹಿರೇಹಡಗಲಿ. ಗೊಬ್ಬರದ ಅಂಗಡಿಯವ್ರ ಮಗಳು."

ಒರೆಸುತ್ತಿದ್ದ ಕೈ ನಿಂತಿತು. ಟಿವಿಯಲ್ಲಿ ಯಾರೋ ಸೀರೆ ಮಾರುತ್ತಿದ್ದರು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮಪ್ಪ ಕಳಿಸ್ಯಾನೇನು?"

"ಇಲ್ಲ. ಅಪ್ಪಗ ಗೊತ್ತಿಲ್ಲ."

"ಹಂಗಾರ ಹೋಗು. ಬಸ್ ತಪ್ತೈತಿ."

ಅಷ್ಟೇ. ಬಟ್ಟೆಯನ್ನು ನೆಟ್ಟಗೆ ಸುತ್ತಲೂ ಆಗದೆ ತಬಲಾ ಎದೆಗವಚಿಕೊಂಡು ಹೊರಬಿದ್ದೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಸ್ಟ್ಯಾಂಡಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದಾಡಿದೆ. ಇನ್ನು ಆ ಕಡೆ ಕಾಲಿಡಬಾರದು ಎಂದು ನಿಶ್ಚಯಿಸಿದೆ. ವಾರವಿಡೀ ಆ ನಿಶ್ಚಯ ಗಟ್ಟಿಯಾಗಿತ್ತು. ಭಾನುವಾರ ಮಾಸ್ತರರು ಮತ್ತೆ ಡಬ್ಬಿ ಕೊಟ್ಟರು. ಇಸಿದುಕೊಂಡೆ.

ಅವಳು ನನ್ನನ್ನು ಕಂಡವಳೇ ಹಿಟ್ಟಿನ ಕೈಯಲ್ಲೇ ಒಲೆಯ ಪಕ್ಕದ ಮಣೆ ತೋರಿಸಿದಳು. "ಕುಂತ್ಕ. ನನಗ ಕೆಲಸ ಬಿಟ್ಟು ಹೇಳಾಕ ಬರಂಗಿಲ್ಲ. ಮಾಡ್ತಾ ಹೇಳ್ತೀನಿ."

ಅವಳು ಹೇಳಿದ ಕಥೆ ದೊಡ್ಡದಲ್ಲ. ಅಜ್ಜ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಊರಿನಲ್ಲಿ ಒಳ್ಳೆಯ ಹೆಸರು. ಮದುವೆಯಾದ ನಾಲ್ಕೋ ಐದೋ ವರ್ಷಕ್ಕೆ ಯಾವುದೋ ಮಾತಿಗೆ, ಅವನ ತಮ್ಮನ ವಿಷಯಕ್ಕೆ, ಅವಳು ಎದುರಾಡಿದ್ದಳು. ಅವತ್ತು ಅವನು ಮಾತು ಬಿಟ್ಟ. ಮತ್ತೆ ಆಡಲೇ ಇಲ್ಲ.

"ಎಷ್ಟು ದಿನ?" ಅಂದೆ.

"ಐದು ವರ್ಷ." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಒಂದ ಸೂರಿನ ಕೆಳಗ. ನೀರು ಬೇಕಂದ್ರ ನಿಮ್ಮಪ್ಪನ ಕರದು, 'ನಿಮ್ಮವ್ವಗ ಹೇಳು' ಅಂತಿದ್ದ. ನಾನೂ 'ನಿಮ್ಮಪ್ಪಗ ಹೇಳು' ಅಂತಿದ್ದೆ. ಕೂಸು ಅಡಿಗಿಮನಿಗೂ ಪಡಸಾಲಿಗೂ ಓಡಾಡ್ತಿತ್ತು. ಆಮ್ಯಾಗ ಒಂದಿನ ನನಗ ನನ್ನ ದನೀನ ಮರ್ತಂಗಾತು. ಎದ್ದು ತವರಿಗೆ ಬಂದೆ."

"ಅಪ್ಪನ್ನ ಯಾಕ ಬಿಟ್ಟು ಬಂದಿ?"

"ಕರಿಯಾಕ ಹೋಗಿದ್ದೆ. ತಿಂಗಳಕ್ಕ. ಬಾಗಲದಾಗ ನಿಂತು, ಬರ್ತಿಯೇನು ಅಂದೆ. 'ನಾ ಬರಂಗಿಲ್ಲ' ಅಂದ." ಅವಳು ಮುಂದಿನ ಉಂಡೆಯನ್ನು ತೆಗೆದುಕೊಂಡಳು. "ಅಂದ ಮ್ಯಾಲ ಏನು ಮಾಡೋದು?"

ತವರಿನಲ್ಲಿ ಅಣ್ಣಂದಿರ ಸಂಸಾರವಿತ್ತು. ಮೊದಲು ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳಂತೆ, ಆಮೇಲೆ ಈ ಶೆಡ್ಡು. ಟಿವಿ ಯಾಕೆ ಅಷ್ಟು ಜೋರು ಎಂದು ಕೇಳಿದೆ. "ಸುಮ್ನ ಇದ್ರ ನನಗ ಉಸುರು ಕಟ್ಟತೈತಿ" ಅಂದಳು.

ಅಲ್ಲಿಂದ ನನ್ನ ಭಾನುವಾರಗಳ ಲೆಕ್ಕವೇ ಬದಲಾಯಿತು. ಪಾಠ ಮುಗಿಸಿ ಖಾನಾವಳಿಗೆ ಹೋಗಿ, ಊಟದ ಹೊತ್ತು ಮುಗಿದ ಮೇಲೆ ಅಲ್ಲೇ ಅಭ್ಯಾಸ ಮಾಡುತ್ತಿದ್ದೆ. ಅಜ್ಜಿ ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ತಾಳ, ಮಾತ್ರೆ ಯಾವುದೂ ತಿಳಿಯದು. ಆದರೆ ನೂರನೆಯ ರೊಟ್ಟಿಗೂ ಮೊದಲನೆಯದಕ್ಕೂ ಅವಳ ಕೈ ಒಂದೇ ನಡೆ. ನಾನು ಓಡಿದ ತಕ್ಷಣ ತಲೆ ಎತ್ತುತ್ತಿದ್ದಳು. ನನಗೆ ರೇಗುತ್ತಿತ್ತು. ಒಮ್ಮೆ, "ನಿನಗೇನು ತಿಳಿತೈತಿ?" ಎಂದು ಕೂಗಿದೆ. ಅವಳೂ ಕೂಗಿದಳು. ಒಳಗಿನ ಹೆಂಗಸರು ನಕ್ಕರು. ಹತ್ತು ನಿಮಿಷಕ್ಕೆ ಅವಳು ಮಜ್ಜಿಗೆ ತಂದು ಮುಂದಿಟ್ಟಳು. ಕೂಗಾಡಿ ಹತ್ತೇ ನಿಮಿಷಕ್ಕೆ ಮಜ್ಜಿಗೆ ಕೊಡುವುದೂ ಉಂಟು ಎಂಬುದು ನಾನು ಅಲ್ಲಿಯವರೆಗೆ ಕಾಣದ ಸಂಗತಿ.

ಅಪ್ಪನಿಗೆ ನಾನೇ ಹೇಳಿದೆ. ಧೈರ್ಯದಿಂದಲ್ಲ. ಊಟ ಮಾಡುತ್ತಾ ಅವನು, ಭಾನುವಾರ ಇಷ್ಟು ತಡ ಯಾಕೆ ಎಂದು ಕೇಳಿದ. ಬೇರೆ ಸುಳ್ಳು ಹೊಳೆಯಲಿಲ್ಲ.

"ಅಜ್ಜಿ ಖಾನಾವಳ್ಯಾಗ ಇದ್ದೆ."

ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಪ್ಪ ತಾಟಿನಲ್ಲಿದ್ದುದನ್ನು ಮುಗಿಸಿದ, ಕೈ ತೊಳೆದ, ಅಂಗಡಿಯ ಕಡೆ ಹೋದ. ಮರುದಿನ ಬೆಳಿಗ್ಗೆ ಅವ್ವನಿಗೆ, "ಬಸ್ ಬಂತು ಅಂತ ಅಕಿಗೆ ಹೇಳು" ಅಂದ. ನಾನು ಅವನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದೆ.

ಒಂದೂವರೆ ತಿಂಗಳು ಹಾಗೇ ನಡೆಯಿತು. ಕೊಟ್ಟೂರಿಗೆ ಹೋಗಬೇಡ ಎಂದು ಅವನು ಹೇಳಲಿಲ್ಲ. ಹೇಳಬೇಕಾದರೆ ಮಾತಾಡಬೇಕಲ್ಲ. ನನ್ನ ಕೈಗಳು ಹುಚ್ಚೆದ್ದಂತಾದವು. ಕ್ಲಾಸಿನಿಂದ ಎರಡು ಸಲ ಹೊರಗೆ ಹಾಕಿಸಿಕೊಂಡೆ. ಗೋದಾಮಿನಲ್ಲಿ ನುಡಿಸಿ ನುಡಿಸಿ ಬೆರಳು ಬಾತುಕೊಂಡವು. ಅವ್ವ ನಮ್ಮಿಬ್ಬರ ನಡುವೆ ಓಡಾಡಿ ಓಡಾಡಿ ಕೊನೆಗೊಂದು ದಿನ, "ನಾನೇನು ಪೋಸ್ಟ್‌ಮ್ಯಾನ್ ಅಲ್ಲ, ನೀವ ಹೇಳ್ಕೋರ್ರಿ" ಎಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡಳು. ಅದರಿಂದಲೂ ಏನೂ ಆಗಲಿಲ್ಲ. ಅಪ್ಪನಿಗೆ ನನ್ನಿಂದ ಏನಾದರೂ ಬೇಕಾಗುವುದೂ ನಿಂತಿತು.

ಆ ವಾರದ ಭಾನುವಾರ ಮಾಸ್ತರರು ನನ್ನ ಬೆರಳು ನೋಡಿ ಪಾಠ ಮಾಡದೆ ಕಳಿಸಿದರು. ಖಾನಾವಳಿ ಆಗಷ್ಟೇ ತುಂಬುತ್ತಿತ್ತು.

"ಕೈಗೇನು ಮಾಡ್ಕೊಂಡಿ?" ಎಂದು ಅಜ್ಜಿ ಕೇಳಿದಳು.

"ಏನಿಲ್ಲ. ಅಪ್ಪ ಮಾತು ಬಿಟ್ಟಾನ."

"ಯಾರ ಕೂಡ?"

"ನನ್ನ ಕೂಡ. ನಿನ್ನ ಹತ್ರ ಬರ್ತೀನಂತ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ತಿರುವಲಿಲ್ಲ. ಎದ್ದು ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು. ಒಳಗಿನ ಹೆಂಗಸರಿಗೆ, "ಇರೋ ರೊಟ್ಟಿ ಹಾಕ್ರಿ, ಮುಗುದ್ರ ಬಾಗಲ ಹಾಕ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿದಳು. ಉಣ್ಣುತ್ತಿದ್ದ ಡ್ರೈವರೊಬ್ಬ, "ಎಲ್ಲಿಗೆ ಹೊಂಟ್ರಿ ಅಕ್ಕಾರ?" ಎಂದು ಬೆರಗಾಗಿ ಕೇಳಿದ.

"ಮಗನ ಬೈಯಾಕ" ಅಂದಳು.

ಹರಪನಹಳ್ಳಿಯವರೆಗೆ ಅವಳು ಅಪ್ಪನನ್ನೂ ಸತ್ತುಹೋದ ಅಜ್ಜನನ್ನೂ ಒಟ್ಟಿಗೆ ಬೈಯುತ್ತಿದ್ದಳು. ಅಲ್ಲಿ ಬಸ್ಸು ಬದಲಿಸಿದ ಮೇಲೆ ಮಾತು ಕಡಿಮೆಯಾಯಿತು. ಆ ದಾರಿಯನ್ನು ಅವಳು ಮೂವತ್ತೈದು ವರ್ಷಗಳ ಮೇಲೆ ನೋಡುತ್ತಿದ್ದಳು. "ಮದ್ಲ ಇಲ್ಲೆಲ್ಲ ಜ್ವಾಳ ಇತ್ತು. ಈಗ ಬರೇ ಮೆಕ್ಕಿಜ್ವಾಳ" ಅಂದಳು. ಆಮೇಲೆ ಸೆರಗಿನ ಅಂಚನ್ನು ಸುತ್ತುವುದು, ಬಿಚ್ಚುವುದು. ನಾನು ಮುಂದಿನ ಸೀಟಿನ ಕಬ್ಬಿಣದ ಮೇಲೆ ಬೆರಳಾಡಿಸುತ್ತಿದ್ದವಳು, ಅವಳಿಗೆ ಕಿರಿಕಿರಿಯಾದೀತೆಂದು ನಿಲ್ಲಿಸಿದೆ.

"ಬಾರ್ಸು, ಬಾರ್ಸು" ಅಂದಳು. "ನೀ ಸುಮ್ನ ಕುಂತ್ರ ನಾ ಇಲ್ಲೇ ಇಳಕೊಂತೀನಿ."

ಹಿಂಗಾರಿ ಬಿತ್ತನೆಯ ಕಾಲ. ಭಾನುವಾರವೂ ಅಂಗಡಿ ತೆರೆದಿತ್ತು. ಇಬ್ಬರು ರೈತರು ಬೀಜದ ಪಾಕೀಟು ನೋಡುತ್ತಾ ನಿಂತಿದ್ದರು. ಅಪ್ಪ ತಲೆ ಎತ್ತಿದ. ನನ್ನನ್ನು ನೋಡಿದ, ನನ್ನ ಹಿಂದೆ ನಿಂತವಳನ್ನು ನೋಡಿದ. ಗುರುತು ಸಿಕ್ಕಿತೆಂದು ಅವನ ಕುತ್ತಿಗೆ ಕೆಂಪಾದದ್ದರಿಂದ ಗೊತ್ತಾಯಿತು. ಆದರೂ ಅವನು ರೈತನ ಕಡೆ ತಿರುಗಿ, "ಇದು ನಿಮ್ಮ ಹೊಲಕ್ಕ ಆಗ್ತೈತಿ ನೋಡ್ರಿ" ಅಂದ.

ಅಜ್ಜಿ ಮೆಟ್ಟಿಲ ಮೇಲೆಯೇ ನಿಂತಳು.

"ಮಗಳ ಕೂಡ ಮಾತು ಬಿಟ್ಟೀಯಂತ?"

ಅಪ್ಪ ಪಾಕೀಟು ಎಣಿಸಿದ.

"ನಿಮ್ಮಪ್ಪ ನನಗ ಮಾಡಿದ್ದು ನೀ ಕಣ್ಣಾರೆ ನೋಡೀಯಲ್ಲ. ಅದನ್ನ ಈ ಕೂಸಿಗೆ ಮಾಡ್ತೀಯೇನು?"

"ನೀ ಯಾರು ಕೇಳಾಕ?" ಅಂದ ಅಪ್ಪ. ದನಿ ಸಣ್ಣದಾಗಿತ್ತು. ಮೂವತ್ತೈದು ವರ್ಷಗಳಲ್ಲಿ ಅವನು ತಾಯಿಗೆ ಆಡಿದ ಮೊದಲ ಮಾತು ಅದು.

"ಹಡದಾಕಿ."

"ಹಡದಾಕಿ!" ಅವನು ಪಾಕೀಟನ್ನು ಟೇಬಲ್ಲಿನ ಮೇಲೆ ಎಸೆದ. "ಬಿಟ್ಟು ಹೋದಾಕಿ ಈಗ ಬುದ್ಧಿ ಹೇಳಾಕ ಬಂದೀಯೇನು?"

"ಕರಿಯಾಕ ಬಂದಿದ್ದೆ. ನೀನ ಬರಂಗಿಲ್ಲ ಅಂದಿ."

"ನನಗ ಒಂಬತ್ತು ವರ್ಷ!" ಅಪ್ಪ ಕೂಗಿದ. ಹುಟ್ಟಿದಾಗಿನಿಂದ ನಾನು ಅವನ ಕೂಗು ಕೇಳಿರಲಿಲ್ಲ.

"ನನಗ ಇಪ್ಪತ್ತೈದು!" ಅವಳೂ ಕೂಗಿದಳು.

ರೈತರಿಬ್ಬರೂ ಮೆಲ್ಲಗೆ ಹೊರಗೆ ಸರಿದು ಬೇವಿನ ಮರದ ಕೆಳಗೆ ನಿಂತರು. ಎದುರು ಮನೆಯ ಕಿಟಕಿ ತೆರೆಯಿತು. ಅಪ್ಪ ಈಗ ನಿಲ್ಲಲಿಲ್ಲ. ತಂದೆ ಹಿಂದೆಯೇ ನಿಂತಿದ್ದ, ಇನ್ನೇನು ಹೇಳಲಿಕ್ಕಾಗುತ್ತಿತ್ತು ಎಂದ. ಬರಂಗಿಲ್ಲ ಅಂದ ಮೇಲೆ ತಾನು ಬಾಗಿಲ ಹಿಂದೆ ಹೋಗಿ ನಿಂತಿದ್ದನಂತೆ. "ಇನ್ನೊಂದು ಸಲ ಕರೀತಿ ಅಂತ ನಿಂತಿದ್ದೆ. ಕರೀಲಿಲ್ಲ ನೀನು. ಬಾಗಲ ಸಂದ್ಯಾಗಿಂದ ನಿನ್ನ ಕಾಲು ಕಾಣ್ತಿದ್ವು. ಹೋದಿ."

ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ನನಗ ಗೊತ್ತಾಗಲಿಲ್ಲ" ಅಂದಳು. ಮತ್ತೆ ಅದನ್ನೇ ಅಂದಳು. ಆಮೇಲೆ ತಲೆ ಎತ್ತಿ, "ಹಂಗಂತ ಇಕಿ ಏನು ಮಾಡ್ಯಾಳ? ಇಕಿ ಕೂಡ ಯಾಕ ಮಾತು ಬಿಟ್ಟಿ?" ಎಂದು ಮೊದಲಿನ ದನಿಯಲ್ಲೇ ಕೇಳಿದಳು.

ಅಪ್ಪ ನನ್ನ ಕಡೆ ತಿರುಗಿದ. "ನೀನೂ ಅಷ್ಟ! ಕೇಳದ ಹೇಳದ ಎಷ್ಟು ತಿಂಗಳಿಂದ ಹೊಂಟೀ? ನಾನೇನು ಸತ್ತೀನೇನು?" ಎಂದು ಶುರುಮಾಡಿದವನು ನನ್ನ ತಡ, ನನ್ನ ಸುಳ್ಳು, ಕಾಲೇಜಿನಿಂದ ಬಂದ ದೂರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಬೈದ. ನಾನು ಅಳುತ್ತಿದ್ದೆ. ಆದರೆ ಅವನು ನಿಲ್ಲಿಸದಿರಲಿ ಎಂದೂ ಅನ್ನಿಸುತ್ತಿತ್ತು.

ಅವ್ವ ಹಿಂದಿನ ಬಾಗಿಲಿನಿಂದ ಚಾ ತಂದಳು. ಅವಳು ಅತ್ತೆಯನ್ನು ನೋಡಿದ್ದು ಅದೇ ಮೊದಲು. "ಒಳಗ ಬಂದು ಜಗಳಾಡ್ರಿ ಅತ್ತಿ, ಇಲ್ಲಿ ಬಿಸಿಲು" ಅಂದಳು.

"ಆ ಮನಿಯೊಳಗ ನಾ ಬರಂಗಿಲ್ಲವ್ವ" ಅಂದಳು ಅಜ್ಜಿ. ಚಾ ಮಾತ್ರ ಕುಡಿದಳು. ಸಂಜೆಯ ಬಸ್ಸಿಗೆ ಹೊರಟಳು. ಅಪ್ಪ ಎದ್ದು ಬರಲಿಲ್ಲ. "ಬಸ್ಸಿಗೆ ಹತ್ತಿಸಿ ಬಾ" ಎಂದು ನನಗೆ ಹೇಳಿದ. ನನಗೇ ಹೇಳಿದ.

ಅದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ಕೊಟ್ಟೂರಿನ ಖಾನಾವಳಿಗೆ ಹೋಗಿ ಕೂತದ್ದು ಮುಂದಿನ ವರ್ಷ, ಅದೂ ನನ್ನ ತಬಲಾ ಪರೀಕ್ಷೆ ಅಲ್ಲಿದ್ದುದರಿಂದ. ಅಜ್ಜಿ ಅವನಿಗೆ ಬಡಿಸಿದಳು, ಅವನು ಉಂಡ. ರೊಟ್ಟಿ ದಪ್ಪ ಆಗಿದೆ ಎಂದ. ಬೇಕಾದರೆ ಉಣ್ಣು, ಇಲ್ಲದಿದ್ದರೆ ಏಳು ಎಂದಳು. ಈಗಲೂ ಅವರ ಮಾತು ಹೀಗೇ ಇರುತ್ತದೆ. ಅಪ್ಪ ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲ. ಎರಡು ದಿನ ಮೂಕನಾದನೆಂದರೆ ಅವ್ವ ಕೊಟ್ಟೂರಿಗೆ ಫೋನು ಹಚ್ಚಿ ಅವನ ಕಿವಿಗೆ ಹಿಡಿಯುತ್ತಾಳೆ. ಆ ಕಡೆಯಿಂದ ಟಿವಿಯ ಸದ್ದನ್ನೂ ಮೀರಿ ಬೈಗುಳ ಕೇಳಿಸುತ್ತದೆ. ಅಜ್ಜಿ ಮಾತ್ರ ಆ ಮನೆಯ ಹೊಸ್ತಿಲನ್ನು ಇವತ್ತಿನವರೆಗೂ ದಾಟಿಲ್ಲ.

ನಾನು ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮಕ್ಕಳಿಗೆ ತಬಲಾ ಕಲಿಸುತ್ತೇನೆ, ವಚನ ಹಾಡುವವರಿಗೆ ಸಾಥ್ ಕೊಡಲು ಕೂಡ್ಲಿಗಿ, ಹಡಗಲಿ ಎಂದು ತಿರುಗುತ್ತೇನೆ. ಒಂದೂರಲ್ಲಿ ನಾಲ್ಕು ದಿನ ಇದ್ದರೆ ಐದನೆಯ ದಿನ ಮೈ ಕಡಿಯತೊಡಗುತ್ತದೆ. ಇದು ವಯಸ್ಸಿನ ಜೊತೆ ಹೋಗುತ್ತದೆಂದು ಮಾಸ್ತರರು ಹೇಳಿದ್ದರು. ಹೋಗಿಲ್ಲ.

ಅಜ್ಜಿಗೆ ಈಗ ಹೊಸದೊಂದು ಹುಚ್ಚು. ಬಸ್ ಸ್ಟ್ಯಾಂಡಿನ ಹಿಂದೆ ಗಿರಾಕಿ ಕಡಿಮೆಯಾಗಿದ್ದಾರೆ, ಕಾಲೇಜಿನ ಹತ್ತಿರ ಖಾನಾವಳಿ ಹಾಕಬೇಕು ಎನ್ನುತ್ತಾಳೆ. ಈ ವಯಸ್ಸಿನಲ್ಲಿ ಯಾಕೆ ಬೇಕು ಎಂದು ಅಪ್ಪ ಎರಡು ವಾರದಿಂದ ಫೋನಿನಲ್ಲಿ ಅವಳ ಜೊತೆ ಜಗಳಾಡುತ್ತಿದ್ದಾನೆ. ಮಂಗಳವಾರ ಜಾಗ ನೋಡಲು ಬಾ ಎಂದು ಅವಳು ನನಗೆ ಹೇಳಿದ್ದಾಳೆ. ಅವಳ ಜೊತೆ ಹೋಗಬೇಡ ಎಂದು ಅಪ್ಪ ಹೇಳಿದ್ದಾನೆ. ಕೊಟ್ಟೂರಿಗೆ ಬೆಳಿಗ್ಗೆ ಏಳಕ್ಕೆ ಒಂದು ಬಸ್ಸಿದೆ, ಅದು ತಪ್ಪಿದರೆ ಒಂಬತ್ತಕ್ಕೆ.